ತಲೆ ಮೇಲೆ ಗಾಜು, ಜೇಬಿಗೆ ಬಿಸಿ: ಎಲೆಕ್ಟ್ರಿಕ್ ಕಾರಿನ ಚಾವಣಿ ಮತ್ತು ವೇರಿಯಂಟ್ ಲೆಕ್ಕ

ಮಲೆನಾಡು, ಕರಾವಳಿ ಕಡೆಯ ಗೆಳೆಯರಿಗೆ ಗಾಜಿನ ಹೆಂಚು ಗೊತ್ತೇ ಇರುತ್ತೆ. ಮಂಗಳೂರು ಹೆಂಚಿನ ಮಾಡಿನಲ್ಲಿ, ಅಡುಗೆಮನೆಯ ಮೇಲೆ ಒಂದೋ ಎರಡೋ ಗಾಜಿನ ಹೆಂಚು ಕೂರಿಸಿರ್ತಾರೆ. ಹಗಲು ಹೊತ್ತು ದೀಪ ಹಾಕೋದು ಬೇಡ. ಆದರೆ ಗಮನಿಸಿ, ಒಂದೋ ಎರಡೋ ಅಷ್ಟೇ. ಇಡೀ ಮಾಡಿಗೇ ಗಾಜು ಹಾಕಿದ ಮನೆಯನ್ನು ನಾವ್ಯಾರೂ ನೋಡಿಲ್ಲ. ಈಗ ಕಾರಿನ ಕಂಪನಿಗಳು ಅದನ್ನೇ ಮಾಡ್ತಾ ಇವೆ, ಮತ್ತೆ ಅದಕ್ಕೆ ಹೆಚ್ಚು ದುಡ್ಡೂ ಕೇಳ್ತಾ ಇವೆ.

ಈ ಲೇಖನ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ನಮ್ಮ ಸಂಪಾದಕ ತಂಡದ ಒಬ್ಬ ಗೆಳತಿಯ ಮನೆಯಲ್ಲಿ ಮೊದಲ ಕಾರು ತಗೊಳ್ಳೋ ಮಾತು ನಡೀತಿತ್ತು. ಅಪ್ಪ ನಿವೃತ್ತ ಮೇಷ್ಟ್ರು, ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಎಲೆಕ್ಟ್ರಿಕ್ ಕಾರಿಗೆ ಅಂತ ಎತ್ತಿಟ್ಟಿದ್ದರು. ನೋಡಿದ ಕಾರಿನಲ್ಲಿ ಮಧ್ಯದ ವೇರಿಯಂಟಿಗೂ ಟಾಪ್ ಎಂಡಿಗೂ ಒಂದು ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ. ಬ್ಯಾಟರಿ ಅದೇ, ಮೋಟಾರೂ ಅದೇ. ಎದ್ದು ಕಾಣುವ ವ್ಯತ್ಯಾಸ ಅಂದ್ರೆ ಗಾಜಿನ ಚಾವಣಿ ಮತ್ತು ಸೀಟಿನ ಹೊದಿಕೆ. ಟೆಸ್ಟ್ ಡ್ರೈವ್ ಆಗಿದ್ದು ಸಂಜೆ ಆರೂವರೆಗೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿ, "ಎಷ್ಟು ಚೆನ್ನಾಗಿದೆ ರೀ, ಆಕಾಶ ಕಾಣುತ್ತೆ" ಅಂದ್ರಂತೆ. ಅಪ್ಪ ಮಗಳಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ನೀನು ಮೆಕ್ಯಾನಿಕಲ್ ಓದ್ತಾ ಇದೀಯಲ್ಲಮ್ಮ, ಹೇಳು, ಇದು ಬೇಕಾ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಮೂರು ವರ್ಷ ಹೀಟ್ ಟ್ರಾನ್ಸ್‌ಫರ್ ಅಂತ ಓದಿ, ಒಬ್ಬ ಮೇಷ್ಟ್ರ ನೇರ ಪ್ರಶ್ನೆಗೆ ಉತ್ತರ ಇಲ್ಲ ಅಂದ್ರೆ ನಾಚಿಕೆ ಅಲ್ವಾ? ಎರಡು ಸಂಜೆ ಕ್ಯಾಂಟೀನಿನಲ್ಲಿ ಕೂತು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಹಂಚಿಕೊಳ್ತಾ ಇದೀವಿ.

ಎಲೆಕ್ಟ್ರಿಕ್ ಕಾರಿಗೇ ಯಾಕೆ ಇಷ್ಟು ಗಾಜು?

ಸನ್‌ರೂಫ್ ಹೊಸದೇನಲ್ಲ. ಹೊಸದು ಅಂದ್ರೆ, ತೆರೆಯಲಾಗದ, ಹಲವು ಕಾರುಗಳಲ್ಲಿ ಪರದೆಯೂ ಇಲ್ಲದ, ಚಾವಣಿಯ ಬಹುಭಾಗ ಆವರಿಸುವ ಒಂದೇ ಗಾಜಿನ ಹಲಗೆ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಇದನ್ನು ಜನಪ್ರಿಯ ಮಾಡಿತು. ಈಗ ನಮ್ಮ ದೇಶದಲ್ಲಿ ಮಾರಾಟವಾಗುವ ಹಲವು ಎಲೆಕ್ಟ್ರಿಕ್ ಕಾರುಗಳಲ್ಲೂ ಇದೆ.

ಇದರ ಹಿಂದೆ ಷೋಕಿ ಮಾತ್ರ ಇಲ್ಲ, ಪ್ಯಾಕೇಜಿಂಗ್ ಸಮಸ್ಯೆಯೂ ಇದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಇರೋದು ನೆಲದ ಕೆಳಗೆ. ಅದರ ದಪ್ಪ ಸುಮಾರು 10ರಿಂದ 15 ಸೆಂಟಿಮೀಟರ್. ಅಷ್ಟು ನೆಲ ಮೇಲೆ ಬಂತು ಅಂದ್ರೆ ಕೂತವರ ತಲೆಯೂ ಮೇಲೆ ಬರುತ್ತೆ. ಚಾವಣಿಯನ್ನೂ ಅಷ್ಟೇ ಎತ್ತರಿಸೋಣ ಅಂದ್ರೆ ಕಾರಿನ ಮುಂಭಾಗದ ವಿಸ್ತೀರ್ಣ ಹೆಚ್ಚಾಗಿ ಗಾಳಿಯ ತಡೆ ಏರುತ್ತೆ, ಹೆದ್ದಾರಿಯಲ್ಲಿ ರೇಂಜ್ ಕಡಿಮೆಯಾಗುತ್ತೆ. ಹಾಗಾಗಿ ಚಾವಣಿಯ ಒಳಗಿನ ದಪ್ಪವನ್ನೇ ಕಡಿಮೆ ಮಾಡೋದು ಒಂದು ದಾರಿ. ಮಾಮೂಲಿ ಚಾವಣಿಯಲ್ಲಿ ತಗಡು, ಅದರ ಕೆಳಗೆ ಅಡ್ಡಪಟ್ಟಿ, ಅದರ ಕೆಳಗೆ ಬಟ್ಟೆಯ ಒಳಹೊದಿಕೆ. ಜಾರುವ ಸನ್‌ರೂಫ್ ಆದರೆ ಹಳಿ, ಮೋಟಾರು, ಪರದೆಯ ಸುರುಳಿ ಬೇರೆ. ಇವನ್ನೆಲ್ಲ ತೆಗೆದು ಒಂದೇ ಗಾಜು ಅಂಟಿಸಿದರೆ ತಲೆಗೆ ಕೆಲವು ಸೆಂಟಿಮೀಟರ್ ಜಾಗ ವಾಪಸ್ ಸಿಗುತ್ತೆ. ಪರದೆ ಯಾಕೆ ಕೊಡಲ್ಲ ಅನ್ನೋ ಪ್ರಶ್ನೆಗೂ ಉತ್ತರದ ಒಂದು ಭಾಗ ಇಲ್ಲೇ ಇದೆ.

ತೂಕ? ಗಾಜಿನ ಸಾಂದ್ರತೆ ಘನ ಮೀಟರಿಗೆ 2500 ಕಿಲೋ. 5 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಗಾಜು 12.5 ಕಿಲೋ ತೂಗುತ್ತೆ. ಉಕ್ಕಿನ ಸಾಂದ್ರತೆ 7850 ಆದರೂ ತಗಡಿನ ದಪ್ಪ 0.7 ಮಿಲಿಮೀಟರ್ ಅಂತ ಹಿಡಿದರೆ 5.5 ಕಿಲೋ ಅಷ್ಟೇ. ಅಂದ್ರೆ ಗಾಜು ಎರಡು ಪಟ್ಟಿಗಿಂತ ಭಾರ, ಅದೂ ಕಾರಿನ ಅತಿ ಎತ್ತರದ ಜಾಗದಲ್ಲಿ. ಆದರೆ ನೆಲದಲ್ಲಿ ನೂರಾರು ಕಿಲೋ ಬ್ಯಾಟರಿ ಇರೋದರಿಂದ ಗುರುತ್ವ ಕೇಂದ್ರ ಹೇಗೂ ಕೆಳಗಿರುತ್ತೆ, ಈ ಹೆಚ್ಚುವರಿ ಭಾರವನ್ನು ಕಾರು ತಡ್ಕೊಳ್ಳುತ್ತೆ.

ಬಿಸಿಲಿನಲ್ಲಿ ಏನೇನಿದೆ?

ಮಧ್ಯಾಹ್ನದ ಸ್ವಚ್ಛ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತೆ. ಅದರಲ್ಲಿ ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು, ಅಂದ್ರೆ ಇನ್‌ಫ್ರಾರೆಡ್. ಉಳಿದ ಸ್ವಲ್ಪ ಪಾಲು ಅತಿನೇರಳೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದ್ರೆ ಷೋರೂಮಿನಲ್ಲಿ "ಸರ್, ಗಾಜು ಕಪ್ಪಗಿದೆ, ಬಿಸಿಲು ಬರಲ್ಲ" ಅಂತಾರೆ. ಕಪ್ಪಗಿದೆ ಅಂದ್ರೆ ಕಾಣುವ ಬೆಳಕು ಬರಲ್ಲ ಅಂತ ಮಾತ್ರ ಅರ್ಥ. ಕಾಣದ ಅರ್ಧದ ಕಥೆ ಬೇರೆ.

ಗಾಜಿಗೆ ಬಿದ್ದ ಶಕ್ತಿಗೆ ಮೂರು ದಾರಿ: ಹಾದುಹೋಗೋದು, ಪ್ರತಿಫಲಿಸೋದು, ಹೀರಿಕೆಯಾಗೋದು. ಬರೀ ಬಣ್ಣ ಬೆರೆಸಿ ಕಪ್ಪು ಮಾಡಿದ ಗಾಜು ಹೆಚ್ಚಾಗಿ ಹೀರುತ್ತೆ. ಹೀರಿದ ಶಕ್ತಿ ಮಾಯ ಆಗಲ್ಲ. ಗಾಜು ಬಿಸಿಯಾಗುತ್ತೆ, ಆ ಬಿಸಿ ಒಂದು ಪಾಲು ಹೊರಗಿನ ಗಾಳಿಗೆ, ಇನ್ನೊಂದು ಪಾಲು ನಿಮ್ಮ ನೆತ್ತಿಗೆ. ಕಾರು ಓಡ್ತಾ ಇದ್ದರೆ ಹೊರಗಿನ ಗಾಳಿ ಗಾಜನ್ನು ತಂಪು ಮಾಡ್ತಾ ಹೋಗುತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದರೆ? ಆ ಸಹಾಯವೂ ಇಲ್ಲ.

ಹಾಗಾಗಿ ಒಳ್ಳೆಯ ಚಾವಣಿ ಗಾಜಿನಲ್ಲಿ ಎರಡು ಬೇರೆ ಬೇರೆ ಲೇಪ ಇರಬಹುದು. ಮೊದಲನೆಯದು, ಎರಡು ಗಾಜಿನ ಪದರಗಳ ನಡುವೆ ಇರುವ, ಕೆಲವು ನ್ಯಾನೋಮೀಟರ್ ದಪ್ಪದ ಬೆಳ್ಳಿಯ ಪದರ. ಇದು ಬಿಸಿಲಿನ ಅವಕೆಂಪನ್ನು ಹೀರೋ ಬದಲು ವಾಪಸ್ ಕಳಿಸುತ್ತೆ. ಎರಡನೆಯದು ಗಾಜಿನ ಒಳಮೈಗೆ ಬಳಿಯುವ ಲೋ-ಇ, ಅಂದ್ರೆ ಕಡಿಮೆ ಉತ್ಸರ್ಜಕತೆಯ ಲೇಪ. ಇದು ಬಿಸಿಯಾದ ಗಾಜು ಒಳಗಡೆಗೆ ಶಾಖ ಸೂಸೋದನ್ನು ತಡೆಯುತ್ತೆ. ಒಂದು ಬಿಸಿಲಿಗೆ ಬೇಲಿ, ಇನ್ನೊಂದು ಬಿಸಿ ಗಾಜಿಗೇ ಬೇಲಿ.

ಇನ್ನು ಗುಂಡಿ ಒತ್ತಿದರೆ ಹಾಲಿನಂತೆ ಮಬ್ಬಾಗುವ ಗಾಜು. ಪೋರ್ಷೆ ಟೈಕಾನ್‌ನಲ್ಲಿ ಇರುವ ಇಂಥ ಚಾವಣಿಯಲ್ಲಿ ಪಾಲಿಮರಿನಲ್ಲಿ ಹರಡಿದ ಲಿಕ್ವಿಡ್ ಕ್ರಿಸ್ಟಲ್ ಹನಿಗಳಿರುತ್ತವೆ. ವೋಲ್ಟೇಜ್ ಕೊಟ್ಟಾಗ ಹರಳುಗಳು ಸಾಲಾಗಿ ನಿಂತು ಗಾಜು ಪಾರದರ್ಶಕ ಆಗುತ್ತೆ, ತೆಗೆದರೆ ಚದುರಿ ಮಬ್ಬಾಗುತ್ತೆ. ಆದರೆ ಇದರ ಮುಖ್ಯ ಕೆಲಸ ಬೆಳಕನ್ನು ಚದುರಿಸೋದು. ಕಣ್ಣು ಕುಕ್ಕೋದು ತಪ್ಪುತ್ತೆ, ಶಾಖ ಅದೇ ಪ್ರಮಾಣದಲ್ಲಿ ತಪ್ಪಲ್ಲ.

ಸ್ವೀಡನ್ನಿನ ಸೂರ್ಯ, ನಮ್ಮ ಸೂರ್ಯ

ಚಪ್ಪಟೆ ಚಾವಣಿಗೆ ಎಷ್ಟು ಬಿಸಿಲು ಬೀಳುತ್ತೆ ಅನ್ನೋದು ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅನ್ನೋದರ ಮೇಲೆ ನಿಂತಿದೆ. ವೋಲ್ವೋ ಕಂಪನಿಯ ಊರು ಗೋಥೆನ್‌ಬರ್ಗ್ ಸುಮಾರು 57.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಇಡೀ ವರ್ಷದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರೋದು ಜೂನಿನಲ್ಲಿ, ಮಧ್ಯಾಹ್ನ: 90ರಲ್ಲಿ 57.7 ಕಳೆದು 23.4 ಕೂಡಿಸಿ, ಸುಮಾರು 55.7 ಡಿಗ್ರಿ. ಬೆಂಗಳೂರು 13 ಡಿಗ್ರಿಯಲ್ಲಿದೆ. ಇಲ್ಲಿ ಮಧ್ಯಾಹ್ನದ ಸೂರ್ಯ ಅತಿ ಕೆಳಗಿರೋದು ಡಿಸೆಂಬರಿನಲ್ಲಿ: 90ರಲ್ಲಿ 13 ಕಳೆದು, ಮತ್ತೆ 23.4 ಕಳೆದು, ಸುಮಾರು 53.6 ಡಿಗ್ರಿ.

ಇನ್ನೊಮ್ಮೆ ಓದಿ. ಅವರ ನಡು ಬೇಸಿಗೆಯ ಸೂರ್ಯನೂ ನಮ್ಮ ನಡು ಚಳಿಗಾಲದ ಸೂರ್ಯನೂ ಹೆಚ್ಚೂಕಮ್ಮಿ ಒಂದೇ ಎತ್ತರ! ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತಲ್ಲ, ಅವತ್ತು ಸೂರ್ಯ ನಮ್ಮ ಕಾರಿನ ಗಾಜಿಗೆ ನೇರ ಲಂಬ. ಉತ್ತರ ಯುರೋಪಿನಲ್ಲಿ ಗಾಜಿನ ಚಾವಣಿ ಅಂದ್ರೆ ಚಳಿಗಾಲದ ಮಂಕು ಹಗಲಿನಲ್ಲಿ ಸಿಗುವ ಒಂದಿಷ್ಟು ಬೆಳಕು. ಕಲಬುರಗಿಯ ಮೇ ತಿಂಗಳಿನಲ್ಲಿ ಬೆಳಕಿಗೆ ಬರ ಇಲ್ಲ.

ಈಗ ಲೆಕ್ಕ: ರೇಂಜ್ ಎಷ್ಟು ಹೋಗುತ್ತೆ?

ಒಂದು ಚದರ ಮೀಟರ್ ಗಾಜು, 1000 ವ್ಯಾಟ್ ಬಿಸಿಲು. ಕಪ್ಪು ಗಾಜಿನ ಮೂಲಕ ಹಾದುಬರುವುದು ಮತ್ತು ಹೀರಿ ಒಳಗೆ ಸೂಸುವುದು ಎರಡೂ ಸೇರಿ 30% ಒಳಗೆ ಬರುತ್ತೆ ಅಂತ ನಾವು ಹಿಡಿದೆವು. ಅಂದ್ರೆ 300 ವ್ಯಾಟ್. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಹಾಕ್ತಾನೆ. ಹಾಗಾದ್ರೆ ಗಾಜಿನ ಚಾವಣಿ ಅಂದ್ರೆ ಟಿಕೆಟ್ ಇಲ್ಲದೆ ಹತ್ತಿಕೊಂಡ ಮೂರು ಜನ ಪ್ರಯಾಣಿಕರು.

ಈ 300 ವ್ಯಾಟ್ ಹೊರಹಾಕೋಕೆ, ಎಸಿಯ ಸಿಒಪಿ 2.5 ಇದ್ದರೆ, 120 ವ್ಯಾಟ್ ವಿದ್ಯುತ್ ಸಾಕು. ಒಂದು ಗಂಟೆಗೆ 0.12 ಕಿಲೋವ್ಯಾಟ್ ಅವರ್. ಕಾರು ಕಿಲೋಮೀಟರಿಗೆ 150 ವ್ಯಾಟ್ ಅವರ್ ತಿನ್ನುತ್ತೆ ಅಂದುಕೊಂಡರೆ, ಗಂಟೆಗೆ ಕಳೆದುಕೊಳ್ಳೋದು 0.8 ಕಿಲೋಮೀಟರ್. ಅಷ್ಟೇ! "ಗಾಜಿನ ಚಾವಣಿ ಹಾಕಿದ್ರೆ ರೇಂಜ್ ಬಿದ್ದೋಗುತ್ತೆ" ಅಂತ ನಾವೂ ವಾದ ಮಾಡ್ತಾ ಇದ್ದೆವು. ಲೆಕ್ಕ ನಮ್ಮನ್ನೇ ಸುಮ್ಮನಾಗಿಸಿತು. ಬಿಸಿಲಲ್ಲಿ ನಿಲ್ಲಿಸಿದ ಕಾರನ್ನು ಮೊದಲ ಹತ್ತು ನಿಮಿಷ ತಂಪು ಮಾಡೋಕೆ ಎಸಿ 4 ಕಿಲೋವ್ಯಾಟ್ ಎಳೆದರೂ ಖರ್ಚಾಗೋದು 0.67 ಕಿಲೋವ್ಯಾಟ್ ಅವರ್, ಅಂದ್ರೆ ನಾಲ್ಕೂವರೆ ಕಿಲೋಮೀಟರ್. ಅದರಲ್ಲೂ ದೊಡ್ಡ ಪಾಲು ಮುಂದಿನ ಗಾಜು ಮತ್ತು ಕಿಟಕಿಗಳದ್ದು. ಯಾಕಂದ್ರೆ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಕಿಟಕಿಯಲ್ಲಿ ಕನಿಷ್ಠ 50% ಕಾಣುವ ಬೆಳಕು ಹಾದುಬರಬೇಕು. ಚಾವಣಿಯಷ್ಟು ಕಪ್ಪು ಅವು ಆಗೋ ಹಾಗೇ ಇಲ್ಲ.

ಹಾಗಾದ್ರೆ ಸಮಸ್ಯೆ ಎಲ್ಲಿ? ಬ್ಯಾಟರಿಯಲ್ಲಿ ಅಲ್ಲ, ನೆತ್ತಿಯಲ್ಲಿ.

ಗಾಜಿನ ಒಳಮೈ 60 ಡಿಗ್ರಿ ಸೆಲ್ಸಿಯಸ್, ನಿಮ್ಮ ಚರ್ಮ 35 ಡಿಗ್ರಿ ಅಂದುಕೊಳ್ಳಿ. ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿ. ಮಾಮೂಲಿ ಗಾಜಿನ ಉತ್ಸರ್ಜಕತೆ ಸುಮಾರು 0.84. ಗಾಜಿನಿಂದ ತಲೆ ಕಡೆಗೆ ಚದರ ಮೀಟರಿಗೆ ಸುಮಾರು 155 ವ್ಯಾಟ್ ನಿವ್ವಳ ಶಾಖ ಬರುತ್ತೆ. ಅದೇ ಜಾಗದಲ್ಲಿ 40 ಡಿಗ್ರಿಯ ಬಟ್ಟೆ ಹೊದಿಕೆ ಇದ್ದರೆ ಸುಮಾರು 30 ವ್ಯಾಟ್. ಐದು ಪಟ್ಟು ವ್ಯತ್ಯಾಸ! ಎಸಿ ಅಳೆಯೋದು ಮುಖ್ಯವಾಗಿ ಗಾಳಿಯ ಉಷ್ಣತೆಯನ್ನ. ಹಾಗಾಗಿ ಪರದೆಯ ಮೇಲೆ 24 ಅಂತ ತೋರಿಸ್ತಾ ಇರುತ್ತೆ, ಕಾಲು ತಣ್ಣಗಿರುತ್ತೆ, ತಲೆ ಮಾತ್ರ ಕಾಯುತ್ತೆ. "ಎಸಿ ಸರಿ ಇಲ್ಲ" ಅಂತ ಸರ್ವಿಸ್ ಸೆಂಟರಿಗೆ ಹೋದರೆ ಅವರು ಪರೀಕ್ಷೆ ಮಾಡಿ "ಸರಿ ಇದೆ" ಅಂತಾರೆ. ಇಬ್ಬರೂ ಹೇಳೋದು ನಿಜವೇ.

ಈಗ ಅದೇ ಗಾಜಿಗೆ 0.2 ಉತ್ಸರ್ಜಕತೆಯ ಲೋ-ಇ ಲೇಪ ಕೊಡಿ. 155 ಇದ್ದದ್ದು 37 ವ್ಯಾಟಿಗೆ ಇಳಿಯುತ್ತೆ, ಹೆಚ್ಚೂಕಮ್ಮಿ ಬಟ್ಟೆ ಹೊದಿಕೆಯ ಮಟ್ಟಕ್ಕೆ. ಶಾಖ ಸೂಸಲಾಗದೆ ಗಾಜು ಇನ್ನೊಂದಿಷ್ಟು ಬಿಸಿಯಾಗಬಹುದು, ನೇರ ಹಾದುಬರುವ ಬಿಸಿಲು ಬೇರೆ ಇರುತ್ತೆ, ಆದರೂ ಲಾಭ ದೊಡ್ಡದೇ. ಅಂದ್ರೆ "ಗಾಜಿನ ಚಾವಣಿ ಒಳ್ಳೇದಾ ಕೆಟ್ಟದ್ದಾ" ಅನ್ನೋ ಪ್ರಶ್ನೆಯೇ ತಪ್ಪು. "ಯಾವ ಲೇಪ ಇದೆ, ಪರದೆ ಇದೆಯಾ" ಅನ್ನೋದು ಸರಿಯಾದ ಪ್ರಶ್ನೆ. ಬ್ರೋಷರಿನಲ್ಲಿ ಚಾವಣಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತೆ, ಈ ಉತ್ತರ ಹುಡುಕಬೇಕಾಗುತ್ತೆ.

ಗಾಜು ಒಡೆದರೆ?

ಮನೆಯವರೆಲ್ಲ ಕೇಳೋ ಪ್ರಶ್ನೆ ಇದು. ಕಾರು ಮಗುಚಿದಾಗ ಭಾರ ಹೊರೋದು ಮುಖ್ಯವಾಗಿ ಕಂಬಗಳು, ಚಾವಣಿಯ ಅಂಚಿನ ಉಕ್ಕಿನ ತೊಲೆಗಳು ಮತ್ತು ಅಡ್ಡಪಟ್ಟಿಗಳು, ನಡುವಿನ ಹಲಗೆಯಲ್ಲ. ಅಮೆರಿಕದ ನಿಯಮದಲ್ಲಿ ಸಾಮಾನ್ಯ ಕಾರುಗಳ ಚಾವಣಿ ಕಾರಿನ ಖಾಲಿ ತೂಕದ ಮೂರು ಪಟ್ಟು ಬಲ ತಡೆಯಬೇಕು, ಗಾಜಿರಲಿ ತಗಡಿರಲಿ. ಗಾಜಿನಲ್ಲೂ ಎರಡು ಬಗೆ. ಟೆಂಪರ್ಡ್ ಗಾಜು ಗಟ್ಟಿ, ಆದರೆ ಒಡೆದರೆ ಒಮ್ಮೆಗೇ ಸಣ್ಣ ಚೂರುಗಳಾಗಿ ಉದುರುತ್ತೆ. ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ನಡುವಿನ ಪ್ಲಾಸ್ಟಿಕ್ ಪದರ ಚೂರುಗಳನ್ನು ಹಿಡಿದಿಡುತ್ತೆ. ಆ ಪದರ ಅತಿನೇರಳೆಯನ್ನೂ ಬಹುತೇಕ ತಡೆಯುತ್ತೆ. ಕೇಳಬೇಕಾದ ಇನ್ನೊಂದು ಪ್ರಶ್ನೆ ಸಿಕ್ತಲ್ಲ: "ಲ್ಯಾಮಿನೇಟೆಡ್ಡಾ?"

ವೇರಿಯಂಟ್ ಅನ್ನೋ ಏಣಿ

ಈಗ ದುಡ್ಡಿನ ವಿಷಯ. ಬರೀ ಗಾಜು ಬೇಕು, ಉಳಿದದ್ದು ಬೇಡ ಅಂದ್ರೆ ಯಾಕೆ ಕೊಡಲ್ಲ?

ಒಂದು ಕಾರಣ ಪಕ್ಕಾ ಎಂಜಿನಿಯರಿಂಗ್. ಬೇಕು-ಬೇಡ ಅನ್ನೋ ಹತ್ತು ಆಯ್ಕೆ ಬಿಡಿಬಿಡಿಯಾಗಿ ಕೊಟ್ಟರೆ 2ರ ಘಾತ 10, ಅಂದ್ರೆ 1024 ಬಗೆಯ ಕಾರು. ಪ್ರತಿಯೊಂದಕ್ಕೂ ವೈರಿಂಗ್ ಹಾರ್ನೆಸ್, ಬಿಡಿಭಾಗದ ದಾಸ್ತಾನು, ಲೈನಿನಲ್ಲಿ ತಪ್ಪಾಗದ ಹಾಗೆ ಜೋಡಣೆ. ಮೂರು ವೇರಿಯಂಟ್ ಮಾಡಿದರೆ ತಲೆನೋವು ಮೂರಕ್ಕೆ ಇಳಿಯುತ್ತೆ.

ಇನ್ನೊಂದು ಕಾರಣ ಅರ್ಥಶಾಸ್ತ್ರದ್ದು. ಎಂಜಿ ವಿಂಡ್ಸರ್ ನೋಡಿ. 2024ರ ಸೆಪ್ಟೆಂಬರಿನಲ್ಲಿ ಬಂದಾಗ ಎಕ್ಸೈಟ್, ಎಕ್ಸ್‌ಕ್ಲೂಸಿವ್, ಎಸೆನ್ಸ್ ಅಂತ ಮೂರು ಮೆಟ್ಟಿಲು, ಆರಂಭಿಕ ಎಕ್ಸ್ ಷೋರೂಮ್ ಬೆಲೆ 13.5, 14.5, 15.5 ಲಕ್ಷ. ಮೂರರಲ್ಲೂ ಅದೇ 38 ಕಿಲೋವ್ಯಾಟ್ ಅವರ್ ಬ್ಯಾಟರಿ, ಅದೇ ಮೋಟಾರು. ಗಾಜಿನ ಚಾವಣಿ ಮೇಲಿನ ಎಸೆನ್ಸಿಗೆ ಮಾತ್ರ. ಕಾರನ್ನು ಓಡಿಸುವ ಭಾಗ ಎಲ್ಲರಿಗೂ ಒಂದೇ, ಬೇರೆಯಾಗೋದು ಕೂತವರ ಸುತ್ತಲಿನ ಸಾಮಾನು.

ಇದು ಹೊಸ ಉಪಾಯ ಅಂದುಕೊಳ್ಳಬೇಡಿ. 1849ರಲ್ಲೇ ಜೂಲ್ಸ್ ದ್ಯೂಪ್ವಿ ಅನ್ನೋ ಫ್ರೆಂಚ್ ಸಿವಿಲ್ ಎಂಜಿನಿಯರ್ ಇದನ್ನು ಬರೆದಿದ್ದ. ಆಗ ಅಲ್ಲಿನ ಮೂರನೇ ದರ್ಜೆಯ ರೈಲು ಬೋಗಿಗಳಿಗೆ ಚಾವಣಿಯೇ ಇರಲಿಲ್ಲ. ಚಾವಣಿ ಹಾಕೋಕೆ ದುಡ್ಡಿಲ್ಲ ಅಂತಲ್ಲ, ಎರಡನೇ ದರ್ಜೆಯ ಟಿಕೆಟ್ ಕೊಳ್ಳುವ ಶಕ್ತಿ ಇರುವವರು ಮೂರನೆಯದಕ್ಕೆ ಬರದಿರಲಿ ಅಂತ, ಅನ್ನೋದು ಅವನ ವಿವರಣೆ. ಅಂದೂ ವೇರಿಯಂಟ್ ಬೇರೆ ಮಾಡಿದ್ದು ಚಾವಣಿಯೇ!

2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂದ ಅಗ್ಗದ ಟೆಸ್ಲಾ ಮಾಡೆಲ್ ವೈ ಸ್ಟ್ಯಾಂಡರ್ಡ್ ಇನ್ನೂ ಸ್ವಾರಸ್ಯ. ಅದರ ಚಾವಣಿಯಲ್ಲಿ ಗಾಜು ಇದೆ, ಆದರೆ ಒಳಗಿನಿಂದ ಬಟ್ಟೆಯ ಹೊದಿಕೆ ಹಾಕಿ ಮುಚ್ಚಿದ್ದಾರೆ. ಬೇರೆ ತಗಡಿನ ಚಾವಣಿಗೆ ಬೇರೆ ಅಚ್ಚು, ಬೇರೆ ಜೋಡಣೆ ಬೇಕು, ಹಾಗಾಗಿ ಮುಚ್ಚೋದೇ ಅಗ್ಗ ಅನ್ನೋದು ನಮ್ಮ ಊಹೆ. ತಮಾಷೆ ಏನು ಗೊತ್ತಾ? ನಮ್ಮ ಬಿಸಿಲಿಗೆ ಆ ಮುಚ್ಚಿದ ಚಾವಣಿಯೇ ಹೆಚ್ಚು ಹಿತ. ದುಬಾರಿ ಮಾಡೆಲ್ ಕೊಂಡವರಿಗೆ ಅದೇ ಕಂಪನಿ ಸಿಕ್ಕಿಸುವ ಜಾಲರಿ ಪರದೆಯನ್ನು ಬಿಡಿಯಾಗಿ ಮಾರುತ್ತೆ.

ಒಳಗಿನ ಉಳಿದ ಸಾಮಾನಿಗೂ ಇದೇ ಕಣ್ಣಿನಿಂದ ನೋಡಿ. ಲೆದರೆಟ್ ಸೀಟು ಒರೆಸೋಕೆ ಸುಲಭ, ಆದರೆ ಗಾಳಿಯಾಡಲ್ಲ, ಬೆನ್ನು ಬೆವರುತ್ತೆ. ಬಟ್ಟೆ ಸೀಟಿಗೆ ಕಲೆ ಆಗುತ್ತೆ, ಆದರೆ ಬೆನ್ನಿಗೆ ಹಿತ. ತಿಳಿ ಬಣ್ಣದ ಸೀಟು ಕಡಿಮೆ ಕಾಯುತ್ತೆ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಮಾತ್ರ ಕಡು ಬಣ್ಣ ಇರಲೇಬೇಕು, ಇಲ್ಲದಿದ್ದರೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಕಣ್ಣಿಗೆ ಅಡ್ಡ ಬರುತ್ತೆ. ಗಾಳಿ ಬೀಸುವ ಸೀಟು ಕೆಲವೇ ಹತ್ತು ವ್ಯಾಟಿನಲ್ಲಿ ನೇರ ಬೆನ್ನಿಗೆ ತಂಪು ಕೊಡುತ್ತೆ. ಟಾಪ್ ಎಂಡಿನ ಸಾಮಾನುಗಳಲ್ಲಿ ನಮ್ಮ ಹವೆಗೆ ನಿಜಕ್ಕೂ ಕೆಲಸಕ್ಕೆ ಬರೋದು ಇದು ಅಂತ ನಮ್ಮೆಲ್ಲರ ಒಮ್ಮತ.

ಮೇಷ್ಟ್ರಿಗೆ ಏನು ಹೇಳಿದೆವು?

ನಾವು ಬೇಕು, ಬೇಡ ಅಂತ ಹೇಳಲಿಲ್ಲ. ಇಷ್ಟು ಹೇಳಿದೆವು: ಮಧ್ಯಾಹ್ನ ಒಂದು ಗಂಟೆಗೆ, ಬಿಸಿಲಲ್ಲಿ ನಿಂತ ಕಾರನ್ನೇ ಕೇಳಿ ಟೆಸ್ಟ್ ಡ್ರೈವ್ ಮಾಡಿ. ಅಮ್ಮ ಹಿಂದೆ ಕೂರಲಿ. ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ಅಂಗೈಯನ್ನು ಗಾಜಿನ ಹತ್ತಿರ, ಮುಟ್ಟದೆ ಹಿಡಿದು ನೋಡಿ. ಲೇಪ, ಲ್ಯಾಮಿನೇಷನ್, ಪರದೆ, ಒಡೆದರೆ ಬದಲಿ ಗಾಜಿನ ಬೆಲೆ, ಈ ನಾಲ್ಕಕ್ಕೆ ಲಿಖಿತ ಉತ್ತರ ಕೇಳಿ. ಮತ್ತೆ, ಆ ಮೇಲಿನ ವೇರಿಯಂಟಿನಲ್ಲಿ ಗಾಜಿನ ಜೊತೆ ಸುರಕ್ಷತೆಯ ಸಾಮಾನೂ ಕಟ್ಟಿದ್ದಾರಾ ಅಂತ ನೋಡಿ. ಇದ್ದರೆ ಲೆಕ್ಕವೇ ಬೇರೆ.

ಅವರು ಹೋದರು. ಲೇಪದ ಬಗ್ಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲವಂತೆ. ಏರ್‌ಬ್ಯಾಗ್ ಮತ್ತು ಬ್ರೇಕಿನ ಸಾಮಾನು ಎರಡೂ ವೇರಿಯಂಟಿನಲ್ಲಿ ಒಂದೇ ಇತ್ತು. ಹತ್ತು ನಿಮಿಷಕ್ಕೇ ಅಮ್ಮ ಸೆರಗನ್ನು ತಲೆಗೆ ಹೊದ್ದುಕೊಂಡರಂತೆ. ಕೊನೆಗೆ ಬುಕ್ ಆಗಿದ್ದು ಮಧ್ಯದ ವೇರಿಯಂಟ್. ಉಳಿದ ದುಡ್ಡಿನಲ್ಲಿ ಮನೆಯಲ್ಲಿ ಚಾರ್ಜಿಂಗಿಗೆ ಅಂತ ಬೇರೆ ವೈರಿಂಗ್, ಸರಿಯಾದ ಅರ್ಥಿಂಗ್ ಮಾಡಿಸಿದರು. "ಆಕಾಶ ನೋಡೋಕೆ ತಾರಸಿ ಇದೆ ಕಣಮ್ಮ" ಅಂದ್ರಂತೆ ಅಪ್ಪ. ಅಮ್ಮನಿಗೆ ಸ್ವಲ್ಪ ಬೇಜಾರಾಗಿದ್ದು ನಿಜ. ಆ ಸಂಜೆಯ ಆಕಾಶ ಅವರಿಗೆ ಇಷ್ಟವಾಗಿತ್ತು, ಅದಕ್ಕೆ ನಮ್ಮ ಹತ್ತಿರ ಯಾವ ಸೂತ್ರವೂ ಇಲ್ಲ.

ಒಂದು ಮಾತು ಮಾತ್ರ ನಮ್ಮೊಳಗೆ ಉಳಿಯಿತು. ಮುಂದೆ ನಮ್ಮಲ್ಲೇ ಕೆಲವರು ಇಂಥ ಕಾರುಗಳ ಚಾವಣಿ ವಿನ್ಯಾಸ ಮಾಡುವ ಟೇಬಲಿನಲ್ಲಿ ಕೂರ್ತೀವಿ. ಅಲ್ಲಿ ಯಾರಾದರೂ "ಲೇಪಕ್ಕೆ ಖರ್ಚು ಜಾಸ್ತಿ, ಬಿಟ್ಟುಬಿಡೋಣ" ಅಂದಾಗ, 155 ಮತ್ತು 37 ಅನ್ನೋ ಎರಡು ಸಂಖ್ಯೆ ನೆನಪಾಗಲಿ. ತಲೆ ಮೇಲೆ ಸೆರಗು ಹೊದ್ದ ಆ ಅಮ್ಮನೂ ನೆನಪಾಗಲಿ.

ನಿಮ್ಮ ಮನೆಯ ಕಾರಿನಲ್ಲಿ ಗಾಜಿನ ಚಾವಣಿ ಇದ್ದರೆ, ಲ್ಯಾಬಿನಿಂದ ಅವಕೆಂಪು ಥರ್ಮಾಮೀಟರ್ ಕೇಳಿ ತಗೊಂಡು ಮಧ್ಯಾಹ್ನ ಒಂದು ಸಲ ಗಾಜಿನ ಒಳಮೈ, ಬಾಗಿಲಿನ ಬಟ್ಟೆ, ಸೀಟು ಮೂರನ್ನೂ ಅಳೆಯಿರಿ. ಗುರಿ ಇಡುವಾಗ ಒಂದು ಎಚ್ಚರಿಕೆ: ಲೋ-ಇ ಲೇಪ ಇದ್ದರೆ ಆ ಥರ್ಮಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಯಾಕೆ ಅಂತ ನೀವೇ ಯೋಚಿಸಿ, ಅಳತೆಯ ಜೊತೆ ಉತ್ತರವನ್ನೂ ನಮಗೆ ಬರೆದು ಕಳಿಸಿ.